ಗೆದ್ದಲಿಗಿಂತ ಮಕ್ಕಳೇ ವಾಸಿ

(ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಬೇಸಿಗೆ ರಜೆಗೆ ಮುಂಚೆ, ತಂದೆ ತಾಯಂದಿರ ಮುಂದೆ ಆಡಿದ ಮಾತು ಇದು. ಆಮೇಲೆ ನೆನಪಿನಿಂದ ಬರೆದಿದ್ದೇನೆ. ಅಲ್ಲಿ ನಡುನಡುವೆ ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಜೆ ಹಾಲು ಹಾಕುವ ಹೊತ್ತಿಗೆ ನಿಮ್ಮನ್ನು ಬಿಟ್ಟುಬಿಡುತ್ತೇನೆ. ಡೈರಿ ಯಾರಿಗೂ ಕಾಯಲ್ಲ, ಗೊತ್ತು.

ಮೊದಲು ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ನಾನು ಮೇಷ್ಟ್ರಾಗಿದ್ದ ಒಂದು ಶಾಲೆಯಲ್ಲಿ ಗ್ರಂಥಾಲಯದ ಚಾರ್ಜ್ ನನಗೆ ಕೊಟ್ಟಿದ್ದರು. ಗ್ರಂಥಾಲಯ ಅಂದರೆ ಏನು ಮಹಾ, ಒಂದು ಮರದ ಬೀರು. ಅದರಲ್ಲಿ ಇನ್ನೂರಕ್ಕೂ ಜಾಸ್ತಿ ಪುಸ್ತಕ. ದಾಸ್ತಾನು ವಹಿಯಲ್ಲಿ ಪ್ರತಿಯೊಂದಕ್ಕೂ ನಂಬರು, ಬೆಲೆ. ವರ್ಗವಾಗಿ ಹೋಗುವಾಗ ಎಲ್ಲ ಎಣಿಸಿ ಒಪ್ಪಿಸಬೇಕು. ಒಂದು ಕಮ್ಮಿಯಾದರೂ ನನ್ನ ಜೇಬಿಗೆ ಕತ್ತರಿ ಅನ್ನುವ ಭಯ. ಹಾಗಾಗಿ ಬೀರುವಿಗೆ ಬೀಗ ಹಾಕಿ, ಕೀಲಿಕೈ ಜೇಬಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ.

ಪರೀಕ್ಷೆ ಮುಗಿದ ದಿನ ನಾಲ್ಕೈದು ಮಕ್ಕಳು ಬಂದರು. 'ಸಾರ್, ರಜೆಗೆ ಒಂದೊಂದು ಪುಸ್ತಕ ಕೊಡಿ ಸಾರ್' ಅಂದರು. 'ರಜೆ ಮುಗಿಸಿಕೊಂಡು ಬನ್ನಿ, ಕೊಡ್ತೀನಿ' ಅಂದೆ. ಹರಿದುಕೊಂಡು ಬಂದರೆ? ಕಳೆದುಕೊಂಡರೆ? ಅವರ ತಮ್ಮನೋ ತಂಗಿಯೋ ಗೀಚಿದರೆ?

ಜೂನ್ ಬಂತು. ಬೀಗ ತೆಗೆದೆ. ಹೊರಗಿನಿಂದ ಎಲ್ಲ ನೆಟ್ಟಗಿತ್ತು, ಸಾಲಾಗಿ ನಿಂತಿದ್ದವು. ಒಂದನ್ನು ಎಳೆದೆ. ಬೆನ್ನು ಮತ್ತು ರಟ್ಟು ಮಾತ್ರ ಕೈಗೆ ಬಂತು. ಒಳಗೆ ಬರೀ ಮಣ್ಣು. ಪಕ್ಕದ್ದೂ ಹಾಗೇ. ಹಿಂದಿನ ಹಲಗೆಯಿಂದ ಗೆದ್ದಲು ಹತ್ತಿ, ಒಳಗೊಳಗೇ ತಿಂದು, ಹೊರಗಿನ ಶೋಭೆಯನ್ನು ಹಾಗೇ ಬಿಟ್ಟಿತ್ತು. ಎಣಿಸಿದರೆ ನಲವತ್ತೇಳು ಪುಸ್ತಕ. ತಮಾಷೆ ನೋಡಿ, ಮಗು ಕಳೆದರೆ ದುಡ್ಡು ನಾನು ಕಟ್ಟಬೇಕಿತ್ತು. ಗೆದ್ದಲು ತಿಂದರೆ ಒಂದು ಮಹಜರು ಬರೆದು, ನಾಲ್ಕು ಸಹಿ ಹಾಕಿಸಿ, ಲೆಕ್ಕದಿಂದ ತೆಗೆಯಬಹುದಿತ್ತು. ಹಾಗೇ ಮಾಡಿದೆವು. ಮಣ್ಣು ಗುಡಿಸುತ್ತಿದ್ದ ಏಳನೇ ಕ್ಲಾಸಿನ ಹುಡುಗನೊಬ್ಬ ಹೇಳಿದ: 'ನಮಗೆ ಕೊಟ್ಟಿದ್ರೆ ಇಷ್ಟೊಂದು ತಿಂತಿರಲಿಲ್ಲ ಅಲ್ವಾ ಸಾರ್?'

ಆ ಮಾತಿಗೆ ಅವತ್ತು ಉತ್ತರ ಹೊಳೆಯಲಿಲ್ಲ. ಇವತ್ತೂ ಇಲ್ಲ. ಇಲ್ಲಿಗೆ ಕರೆದಾಗ ಬಂದಿದ್ದು ಅದಕ್ಕೇ.

ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ತೋರಿಸಿದವರು ಎಸ್. ಆರ್. ರಂಗನಾಥನ್. ಹುಟ್ಟಿದ್ದು ತಮಿಳುನಾಡಿನಲ್ಲಿ, ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ. ಇದನ್ನು ಬೇರೆ ಹೇಳಬೇಕಾ ಅನ್ನಿಸುತ್ತದೆ. ಆದರೆ ಒಂದು ಕಾಲದಲ್ಲಿ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿ ಹಾಕಿ ಕಪಾಟಿಗೆ ಕಟ್ಟಿಡುತ್ತಿದ್ದರಂತೆ, ನಾವು ಎಮ್ಮೆ ಕಟ್ಟಿದ ಹಾಗೆ. ನಾನು ಸರಪಳಿ ಹಾಕಲಿಲ್ಲ, ಬೀಗ ಹಾಕಿದೆ. ಅಷ್ಟೇ ವ್ಯತ್ಯಾಸ.

ಸರಿ, ಎರಡು ತಿಂಗಳು ಓದದಿದ್ದರೆ ಏನಾಗುತ್ತೆ? ಆಡಲಿ ಬಿಡಿ, ವರ್ಷವಿಡೀ ಓದಿದ್ದಾರೆ ಅನ್ನುತ್ತೀರಿ. ಆಡಲೇಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಜೂನ್ ಮೊದಲ ವಾರ ಕ್ಲಾಸಿನಲ್ಲಿ ಕೂತವರಿಗೆ ಕಾಣುವುದು ಬೇರೆ. ಒಂದು ಉದಾಹರಣೆ ಹೇಳುತ್ತೇನೆ.

ಎರಡನೇ ಕ್ಲಾಸು ಮುಗಿಸಿದ ಒಂದು ಹುಡುಗಿ. ಮಾರ್ಚ್‌ನಲ್ಲಿ 'ಸೂರ್ಯ' ಅಂತ ಸರಿಯಾಗಿ ಓದುತ್ತಿದ್ದಳು. ಜೂನ್‌ನಲ್ಲಿ ಅದೇ ಪದ ತೋರಿಸಿದರೆ 'ಸೂ... ಯ... ರ' ಅಂದಳು. ಸೂಯರ! ಪಾಪ, ಅವಳದೇನೂ ತಪ್ಪಿಲ್ಲ. ನಮ್ಮ ಅರ್ಕಾವತ್ತು ಇದೆಯಲ್ಲ, ಅದು ಬಲು ಕಿಲಾಡಿ. ಬರೆಯುವಾಗ ಯ ಮುಂದೆ, ಅರ್ಕಾವತ್ತು ಹಿಂದೆ. ಓದುವಾಗ ಅರ್ಕಾವತ್ತು ಮುಂದೆ, ಯ ಹಿಂದೆ. ಕಣ್ಣು ಕಂಡ ಕ್ರಮದಲ್ಲಿ ನಾಲಿಗೆ ಹೋಗುವ ಹಾಗಿಲ್ಲ. ಇದು ಬುದ್ಧಿಗೆ ಅರ್ಥವಾದರೆ ಸಾಲದು, ಕಣ್ಣಿಗೇ ರೂಢಿಯಾಗಬೇಕು. ರೂಢಿ ಬಿಟ್ಟುಹೋದರೆ ಮೊದಲು ಕಳಚಿಕೊಳ್ಳುವುದು ಇಂಥದ್ದೇ. ಅ ಆ ಇ ಈ ಎಲ್ಲೂ ಹೋಗಲ್ಲ. ಒತ್ತಕ್ಷರ ಹೋಗುತ್ತೆ. ಉದ್ದುದ್ದ ಪದ ಹೋಗುತ್ತೆ.

ಕನ್ನಡದಲ್ಲಿ ಪದ ರೈಲಿನ ಹಾಗೆ. ಡಬ್ಬಿಗೆ ಡಬ್ಬಿ ಸೇರಿಸಿಕೊಂಡು ಹೋಗುತ್ತೆ. 'ಮನೆಯಲ್ಲಿದ್ದವರಿಗೆಲ್ಲ' ಅನ್ನುವುದು ಒಂದೇ ಪದ. ಒಂದೊಂದೇ ಅಕ್ಷರ ತಡವರಿಸುತ್ತಾ ಓದುವ ಮಗು 'ಗೆಲ್ಲ' ಮುಟ್ಟುವ ಹೊತ್ತಿಗೆ 'ಮನೆ' ಮರೆತಿರುತ್ತೆ. ವಾಕ್ಯ ಮುಗಿಯಿತು, ಅರ್ಥ ಸಿಗಲಿಲ್ಲ. ಅರ್ಥ ಸಿಗದಿದ್ದರೆ ಖುಷಿ ಎಲ್ಲಿಂದ ಬರಬೇಕು? ಖುಷಿ ಇಲ್ಲದ್ದನ್ನು ಯಾರು ಮಾಡುತ್ತಾರೆ? ಶಾಲೆ ಶುರುವಾದ ಕೂಡಲೇ ಸೇತುಬಂಧ ಅಂತ ಇಟ್ಟು ಹಳೆಯದನ್ನು ನೆನಪು ಮಾಡಿಸುವುದು ಇದಕ್ಕೇ. ಸೇತುವೆ ಕಟ್ಟಬೇಕು ಅಂದರೆ ನಡುವೆ ಹಳ್ಳ ಇದೆ ಅಂತ ತಾನೇ ಅರ್ಥ?

ಅಮೆರಿಕದ ಬಾಲ್ಟಿಮೋರ್ ಅನ್ನುವ ಊರಿನಲ್ಲಿ ಎಂಟ್‌ವಿಸಲ್ ಮತ್ತು ಅಲೆಕ್ಸಾಂಡರ್ ಅಂತ ಇಬ್ಬರು ಸಂಶೋಧಕರು 1982ರಲ್ಲಿ ಒಂದನೇ ಕ್ಲಾಸು ಸೇರಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅವರಿಗೆ ಕಂಡದ್ದು ಹೀಗೆ. ಶಾಲೆ ನಡೆಯುವಾಗ ಬಡವರ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಹೆಚ್ಚುಕಮ್ಮಿ ಒಂದೇ ಸಮ ಮುಂದೆ ಹೋಗುತ್ತಾರೆ. ಅಂತರ ಬೆಳೆಯುವುದು ಬೇಸಿಗೆ ರಜೆಯಲ್ಲಿ. ಅವರು ಅದನ್ನು ನಲ್ಲಿಗೆ ಹೋಲಿಸಿದರು. ಶಾಲೆ ತೆರೆದಿರುವಾಗ ನಲ್ಲಿ ಎಲ್ಲರಿಗೂ ಬರುತ್ತೆ, ರಜೆಯಲ್ಲಿ ಬಂದ್ ಆಗುತ್ತೆ. ನೀರಿನ ಮಾತು ಕೋಲಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿ ಬಂದ್ ಆದಾಗ ಸಂಪ್ ಇರುವ ಮನೆಯವರು ಆರಾಮಾಗಿರುತ್ತಾರೆ. ಬಿಂದಿಗೆ ಹಿಡಿದು ಟ್ಯಾಂಕರ್ ಕಾಯುವವರು ಯಾರು ಅಂತ ನಿಮಗೇ ಗೊತ್ತು. ಮನೆಯಲ್ಲಿ ನಾಲ್ಕು ಪುಸ್ತಕ ಇದ್ದರೆ ಅದೇ ಆ ಮನೆಯ ಸಂಪ್.

ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿದ್ದಾರೆ ಅಂತಲ್ಲ. ರಜೆಯಲ್ಲಿ ಆಗುವ ನಷ್ಟ ಅಷ್ಟು ದೊಡ್ಡದಾ, ಪರೀಕ್ಷೆ ಮಾಡಿದ ರೀತಿಯಿಂದ ಹಾಗೆ ಕಂಡಿತಾ ಅಂತ ಆಮೇಲಿನವರು ಜಗಳ ಆಡಿದ್ದಾರೆ. ಆಡಲಿ. ನನಗೆ ಆ ಸೂಯರ ಸಾಕು.

ಅದಕ್ಕಿಂತ ನನಗೆ ಇಷ್ಟವಾದದ್ದು ಫ್ಲಾರಿಡಾದ ಒಂದು ಪ್ರಯೋಗ. ಅಲ್ಲಿ ಬಡ ಮಕ್ಕಳೇ ಜಾಸ್ತಿ ಇರುವ 17 ಶಾಲೆಗಳಲ್ಲಿ, ರಜೆಗೆ ಮುಂಚೆ, ಚೀಟಿ ಎತ್ತಿದ ಹಾಗೆ ಆರಿಸಿದ ಮಕ್ಕಳಿಗೆ ತಲಾ 12 ಪುಸ್ತಕ ಕೊಟ್ಟರು. ಮೂರು ಬೇಸಿಗೆ ಹೀಗೇ ಮಾಡಿದರು. ಪಾಠ ಇಲ್ಲ, ಟ್ಯೂಷನ್ ಇಲ್ಲ. ಇದ್ದದ್ದು ಒಂದೇ ನಿಯಮ, ಪುಸ್ತಕ ಆರಿಸಿಕೊಳ್ಳುವುದು ಮಗುವೇ. ಮಕ್ಕಳು ಏನು ಆರಿಸಿಕೊಂಡರು ಅಂತೀರಿ? ನೀತಿಕತೆಯನ್ನಲ್ಲ. ಹಾಡುಗಾರರು, ಟಿವಿಯಲ್ಲಿ ಬರುವವರು, ಇಂಥವರ ಪುಸ್ತಕಕ್ಕೇ ಮುಗಿಬಿದ್ದರು. ಆದರೂ ಮೂರು ವರ್ಷದ ಕೊನೆಯಲ್ಲಿ ಆ ಮಕ್ಕಳ ಓದು, ಪುಸ್ತಕ ಸಿಗದವರಿಗಿಂತ ಮುಂದಿತ್ತು. ರಜೆಯಲ್ಲಿ ಬೇಸಿಗೆ ತರಗತಿಗೆ ಕಳಿಸಿದರೆ ಎಷ್ಟು ಲಾಭವೋ ಹೆಚ್ಚುಕಮ್ಮಿ ಅಷ್ಟೇ ಸಿಕ್ಕಿತ್ತು.

ಹಾಗಾಗಿ ನನ್ನ ಮೊದಲ ಬೇಡಿಕೆ, ದಯವಿಟ್ಟು ಮಕ್ಕಳಿಗೆ ಪುಸ್ತಕ ನೀವು ಆರಿಸಬೇಡಿ. ನಾವು ಮೇಷ್ಟ್ರುಗಳೂ ಆರಿಸಬಾರದು. ನಮ್ಮ ಕೈಗೆ ಕೊಟ್ಟರೆ ಎಲ್ಲ ಮಹಾಪುರುಷರ ಚರಿತ್ರೆಯೇ ಬರುತ್ತೆ. ಮಗು ಹಾವಿನ ಪುಸ್ತಕ ಕೇಳಿದರೆ ಹಾವಿಂದೇ ಕೊಡಿ. ಬರೀ ಚಿತ್ರ ಇರುವುದನ್ನು ಕೇಳಿದರೂ ಕೊಡಿ. ಅರ್ಧ ಓದಿ ಬಿಟ್ಟರೆ ಬೈಯಬೇಡಿ. ಟಿವಿಯಲ್ಲಿ ನಮಗೆ ಬೇಜಾರಾದರೆ ಚಾನೆಲ್ ಬದಲಾಯಿಸಲ್ವಾ?

ಎರಡನೇ ಮಾತು, ಇದನ್ನು ಹೋಂವರ್ಕ್ ಮಾಡಬೇಡಿ. ರಜೆಯಲ್ಲಿ ದಿನಾ ಹತ್ತು ಪುಟ ಕಾಪಿ ಬರೆಯಲು ಹೇಳುವ ಪದ್ಧತಿ ಇದೆ. ಮಕ್ಕಳು ಅದನ್ನು ಶಾಲೆ ಶುರುವಾಗುವ ಹಿಂದಿನ ರಾತ್ರಿ ಅಕ್ಕನ ಹತ್ತಿರ ಬರೆಸುತ್ತಾರೆ. ನಾನು ಎಷ್ಟೋ ಅಕ್ಕಂದಿರ ಕೈಬರಹಕ್ಕೆ ಶಹಬ್ಬಾಸ್ ಅಂತ ಬರೆದಿದ್ದೇನೆ. ದಿನಕ್ಕೆ ಹತ್ತು ನಿಮಿಷ ಓದಿದರೆ ಸಾಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸುಮಾರು ಏಳು ವಾರ. ಲೆಕ್ಕ ಹಾಕಿ, ಒಟ್ಟು ಎಂಟು ಗಂಟೆ ಆಗುತ್ತೆ. ಎರಡು ಐಪಿಎಲ್ ಮ್ಯಾಚ್ ನೋಡುವಷ್ಟು ಹೊತ್ತು. ಏಳು ವಾರಕ್ಕೆ ಎರಡು ಮ್ಯಾಚ್, ಜಾಸ್ತಿ ಆಯ್ತಾ?

ಈಗ ಒಂದು ನಾಜೂಕಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನ ಮನೆಯಲ್ಲಿ ತೆಲುಗು ಆಡುತ್ತೀರಿ. ಶಾಲೆ ಕನ್ನಡ. ಶಾಲೆ ಇರುವಾಗ ಮಗುವಿನ ಕಿವಿಗೆ ದಿನಾ ಆರು ಗಂಟೆ ಕನ್ನಡ ಬೀಳುತ್ತೆ. ರಜೆ ಬಂದರೆ ಅದೂ ನಿಂತುಹೋಗುತ್ತೆ. ಅಂದರೆ ನಮ್ಮ ಗಡಿ ಊರುಗಳಲ್ಲಿ ನಲ್ಲಿ ಎರಡು ಸಲ ಬಂದ್. ಅದಕ್ಕೆ ಕೆಲವರು 'ಮನೇಲೂ ಕನ್ನಡ ಮಾತಾಡಿ' ಅಂತ ಸಲಹೆ ಕೊಡುತ್ತಾರೆ. ನಾನು ಆ ಪಂಗಡ ಅಲ್ಲ. ಅವ್ವ ರಾತ್ರಿ 'ಅನಗನಗಾ ಒಕ ರಾಜು', ಅಂದರೆ 'ಒಂದಾನೊಂದು ಕಾಲದಲ್ಲಿ ಒಬ್ಬ ರಾಜ', ಅಂತ ಶುರುಮಾಡುವ ಏಳು ಮೀನಿನ ಕತೆ ಇದೆಯಲ್ಲ, ಅದನ್ನು ನಿಲ್ಲಿಸಿ ಅವರ ಬಾಯಲ್ಲಿ ಮುರುಕು ಕನ್ನಡ ಆಡಿಸಿದರೆ ಕತೆಯೂ ಹೋಯ್ತು, ಕನ್ನಡವೂ ಬರಲಿಲ್ಲ. ತೆಲುಗಿನಲ್ಲೇ ಹೇಳಲಿ. ಆ ಕತೆ ತೆಲುಗಿನಲ್ಲಿ ಕೇಳಿದ ಮಗುವಿಗೆ, ಆಮೇಲೆ ಮೀನು, ಇರುವೆ ಬರುವ ಕತೆ ಕನ್ನಡದಲ್ಲಿ ಸಿಕ್ಕರೆ ಅರ್ಧ ಕೆಲಸ ಆಗಲೇ ಆಗಿರುತ್ತೆ. ಮುಂದೇನು ಅಂತ ಊಹೆ ಮಾಡಬಲ್ಲ ಮಗು ಒತ್ತಕ್ಷರಕ್ಕೆ ಹೆದರಲ್ಲ.

ಕೋಲಾರದಲ್ಲಿ ಭಾಷಣ ಮಾಡಿ ಮಾಸ್ತಿಯವರ ಹೆಸರು ಹೇಳದಿದ್ದರೆ ಊಟ ಹಾಕಲ್ಲ. ಅದಕ್ಕೇ ಹೇಳಿಬಿಡುತ್ತೇನೆ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ಊರಿನವರು, 1983ರ ಜ್ಞಾನಪೀಠ ಪಡೆದವರು, 'ಕನ್ನಡದ ಆಸ್ತಿ' ಅನ್ನಿಸಿಕೊಂಡವರು. ಅವರ ಮನೆಮಾತು ತಮಿಳು. ಮನೆಯಲ್ಲಿ ಬೇರೆ ಭಾಷೆ ಇದೆ ಅಂತ ಕನ್ನಡದ ಓದಿಗೆ ಕುತ್ತೇನೂ ಇಲ್ಲ.

ಪುಸ್ತಕ ಎಲ್ಲಿಂದ ತರೋಣ ಅಂತೀರಾ? ಪುಸ್ತಕಕ್ಕೆ ಮುಂಚೆ, ಮನೆಯಲ್ಲಿ ಆಗಲೇ ಏನೇನಿದೆ ನೋಡಿ. ಬೇಸಿಗೆ ಅಂದರೆ ಮದುವೆ. ಮೇ ಮುಗಿಯುವ ಹೊತ್ತಿಗೆ ಮೊಳೆಗೆ ಚುಚ್ಚಿದ ಲಗ್ನಪತ್ರಿಕೆ ಇಪ್ಪತ್ತಾದರೂ ಇರುತ್ತೆ. ಒಂದನ್ನು ಮಗುವಿನ ಕೈಗೆ ಕೊಟ್ಟು ಓದಿಸಿ. 'ಸ್ವಸ್ತಿಶ್ರೀ ವಿಜಯಾಭ್ಯುದಯ' ಅಂತ ಶುರುವಾಗುತ್ತೆ. ಅಬ್ಬಾ, ಮೊದಲ ಸಾಲಲ್ಲೇ ಮೂರು ನಾಲ್ಕು ಒತ್ತು! ಅದನ್ನು ದಾಟಿಸಿ ಕೆಳಗೆ ಬನ್ನಿ. ಗಂಡು ಯಾರು, ಹೆಣ್ಣು ಯಾರು, ಛತ್ರ ಎಲ್ಲಿ, ಮುಹೂರ್ತ ಎಷ್ಟಕ್ಕೆ, ಊಟ ಯಾವ ದಿನ. ನಾನು ಒಂದು ಮನೆಯಲ್ಲಿ ನೋಡಿದೆ. ಮೂರನೇ ಕ್ಲಾಸಿನ ಹುಡುಗ ಲಗ್ನಪತ್ರಿಕೆಯ ತಳದಲ್ಲಿದ್ದ ಪುಟ್ಟ ಅಕ್ಷರದ ಹೆಸರುಗಳನ್ನೆಲ್ಲ ಬೆರಳಿಟ್ಟು ಓದುತ್ತಾ ಹೋದ. ಕೊನೆಗೆ ತಾತನ ಮುಖ ನೋಡಿ, 'ತಾತಾ, ನಿನ್ನ ಹೆಸರು ಹಾಕಿಸೇ ಇಲ್ಲ' ಅಂದ. ತಾತನಿಗೆ ಓದಲು ಬರುತ್ತಿರಲಿಲ್ಲ. ಆ ಮದುವೆಗೆ ಅವರು ಹೋದರೋ ಇಲ್ಲವೋ ಕೇಳಬೇಡಿ. ಆದರೆ ಅವತ್ತಿಂದ ಬಂದ ಪತ್ರಿಕೆಯನ್ನೆಲ್ಲ ಮೊಮ್ಮಗನ ಕೈಗೇ ಕೊಡುತ್ತಿದ್ದರು.

ಡೈರಿಯಲ್ಲಿ ಕೊಡುವ ಹಾಲಿನ ಚೀಟಿ, ಮಂಡಿಯ ಬಿಲ್ಲು, ಔಷಧಿ ಬಾಟಲಿಯ ಮೇಲಿನ ಎಚ್ಚರಿಕೆ, ಬಸ್ಸಿನ ಬೋರ್ಡು, ಬೋಂಡ ಕಟ್ಟಿಕೊಟ್ಟ ಪೇಪರ್ ಚೂರು. ಇವೆಲ್ಲ ಓದೇ. ಮಾವಿನ ತೋಪಿನಲ್ಲಿ ಕಾಯಿ ಇಳಿಸಿದಾಗ ಕ್ರೇಟಿನ ಮೇಲೆ ಬಾದಾಮಿ, ಬೇನಿಷಾ, ತೋತಾಪುರಿ ಅಂತ ಚೀಟಿ ಬರೆದು ಅಂಟಿಸುವ ಕೆಲಸ ಮಕ್ಕಳಿಗೆ ಕೊಡಿ. ಬರೆಯುವವನಿಗೆ ಓದು ತಾನಾಗೇ ಬರುತ್ತೆ.

ಒಂದು ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಐದು, ಆರನೇ ಕ್ಲಾಸಿಗೆ ಬಂದರೂ ಓದಲು ಬರದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಒಂದನೇ ಕ್ಲಾಸಿನ ಪುಸ್ತಕ ಕೊಟ್ಟರೆ ಮುಟ್ಟಲ್ಲ. ನಾಚಿಕೆ. ಸ್ನೇಹಿತರು ನೋಡಿದರೆ ಆಡಿಕೊಳ್ಳುತ್ತಾರೆ. ಅವರ ಕ್ಲಾಸಿನ ಪುಸ್ತಕ ಕೊಟ್ಟರೆ ಒಂದು ಸಾಲೂ ಹತ್ತಲ್ಲ. ನಾನು ಇಂಥ ಒಬ್ಬ ಹುಡುಗನ ಜೊತೆ ಎರಡು ವರ್ಷ ಒದ್ದಾಡಿದೆ. ಬೈದೆ, ಪುಸಲಾಯಿಸಿದೆ, ಚಾಕೊಲೇಟೂ ಕೊಟ್ಟೆ. ಕೊನೆಗೆ ದಾರಿ ತೋರಿಸಿದ್ದು ಅವನ ತಾಯಿ. ಅವರು ಬೆಳಿಗ್ಗೆ ಟೊಮೆಟೊ ಬಿಡಿಸಲು ಹೋಗುವಾಗ ನಾಲ್ಕು ವರ್ಷದ ತಂಗಿಯನ್ನು ಇವನ ಹತ್ತಿರ ಬಿಟ್ಟುಹೋಗುತ್ತಿದ್ದರು. 'ಸಾರ್, ಅದು ಸುಮ್ನೆ ಅಳ್ತದೆ, ಚಿತ್ರದ ಪುಸ್ತಕ ಇದ್ರೆ ಕೊಡಿ' ಅಂದರು. ನಾಲ್ಕು ಕೊಟ್ಟೆ. ಪುಟಕ್ಕೆ ಒಂದು ಸಾಲು ಇರುವಂಥವು.

ತಂಗಿಗೆ ಕತೆ ಬೇಕು. ಅಣ್ಣ ಚಿತ್ರ ನೋಡಿ ಮೊದಲ ದಿನ ಏನೋ ಕಟ್ಟಿ ಹೇಳಿದ. ಮರುದಿನ ಅದೇ ಪುಸ್ತಕಕ್ಕೆ ಬೇರೆ ಕತೆ ಹೇಳಿದ. ತಂಗಿ ಬಿಡಲಿಲ್ಲ, 'ನಿನ್ನೆ ಹಂಗಿರಲಿಲ್ಲ' ಅಂತ ರಂಪ ಮಾಡಿತು. ವಿಧಿಯಿಲ್ಲದೆ ಅಕ್ಷರ ನೋಡಬೇಕಾಯಿತು. ಅವಳಿಗೆ ಅದೇ ಕತೆಯನ್ನು ಇಪ್ಪತ್ತು ಸಲ ಕೇಳಬೇಕು. ಇವನು ಇಪ್ಪತ್ತು ಸಲ ಓದಿದ. ಜೂನ್‌ನಲ್ಲಿ ಆ ನಾಲ್ಕು ಪುಸ್ತಕ ತಂದುಕೊಟ್ಟಾಗ ಒಂದಕ್ಕೆ ರಟ್ಟಿರಲಿಲ್ಲ, ಇನ್ನೊಂದರ ಮೇಲೆ ರಾಗಿ ಗಂಜಿಯ ಕಲೆ. ಅವನು ತಡವರಿಸದೆ ಓದುತ್ತಿದ್ದ ಅಂತ ಹೇಳಲಾರೆ. ಓದುತ್ತಿದ್ದ, ಅಷ್ಟು ಹೇಳಬಲ್ಲೆ. ಆ ಪುಟ್ಟ ಪುಸ್ತಕ ಹಿಡಿದುಕೊಳ್ಳಲು ಅವನಿಗೆ ಒಂದು ನೆಪ ಬೇಕಿತ್ತು. ತಂಗಿಗೆ ಓದುತ್ತಿದ್ದೇನೆ ಅಂದರೆ ಯಾರು ಆಡಿಕೊಳ್ಳುತ್ತಾರೆ?

ಮೊಬೈಲ್ ಬಗ್ಗೆ ಕೇಳೇ ಕೇಳುತ್ತೀರಿ. ಕಿತ್ತುಕೊಳ್ಳಿ ಅಂತ ನಾನು ಹೇಳಲ್ಲ, ಹೇಳಿದರೂ ನಡೆಯಲ್ಲ. ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ಇದೆ, ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ್ದು. ಮಕ್ಕಳ ಚಿತ್ರಪುಸ್ತಕಗಳು, ಕಾಸಿಲ್ಲ. ನಮ್ಮಂಥ ಊರಿಗೆ ಅದರಲ್ಲಿ ಒಂದು ಅನುಕೂಲ ಇದೆ. ಒಂದೇ ಪುಸ್ತಕ ಎಷ್ಟೋ ಸಲ ಕನ್ನಡದಲ್ಲೂ ಸಿಗುತ್ತೆ, ತೆಲುಗಿನಲ್ಲೂ ಸಿಗುತ್ತೆ. ಎರಡೂ ಲಿಪಿ ಒಂದೇ ಬೇರಿನವು. ಕನ್ನಡ ಓದುವ ಮಗು ಪಕ್ಕದಲ್ಲಿಟ್ಟು ನೋಡಿದರೆ ತೆಲುಗಿನ ಅರ್ಧ ಅಕ್ಷರ ತಾನೇ ಗುರುತು ಹಿಡಿಯುತ್ತೆ.

ಇನ್ನು ಈ ಜಾಗ. ನಾವು ಕೂತಿರುವ ಇದೇ ಕೋಣೆ. ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 'ಓದುವ ಬೆಳಕು' ಅಂತ ಸರ್ಕಾರ ಶುರುಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸದಸ್ಯತ್ವ ಪುಕ್ಕಟೆ. ಪುಕ್ಕಟೆ ಅಂದೆ, ಅದೂ ಸರಿಯಲ್ಲ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲಿದೆ, ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿ. ಅಂದರೆ ಇಲ್ಲಿನ ಪುಸ್ತಕಕ್ಕೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ತಗೊಂಡು ಹೋಗುವುದೊಂದೇ ಬಾಕಿ.

ಇಷ್ಟು ಹೇಳಿ ಕೂತೆ. ಪ್ರಶ್ನೆ ಇದ್ದರೆ ಕೇಳಿ ಅಂದರು. ಒಬ್ಬ ಅಜ್ಜಿ ಎದ್ದು ನಿಂತರು. 'ನನಗೆ ಓದೋಕೆ ಬರಲ್ಲ. ಮಗು ತಪ್ಪಾಗಿ ಓದಿದ್ರೆ ನನಗೆ ಹೆಂಗೆ ಗೊತ್ತಾಗ್ತದೆ ಮೇಷ್ಟ್ರೇ?' ಒಳ್ಳೆಯ ಪ್ರಶ್ನೆ. 'ಕತೆ ನಿಮಗೆ ಅರ್ಥ ಆಗ್ತಿದ್ಯಾ ನೋಡಿ ಅಮ್ಮ. ಆಗದೇ ಇದ್ರೆ, ಇನ್ನೊಂದ್ಸಲ ಓದು, ತಿಳೀಲಿಲ್ಲ ಅನ್ನಿ. ತಪ್ಪು ಇದ್ರೆ ಅವನೇ ಹುಡುಕ್ತಾನೆ' ಅಂದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: 'ಕಳೆದುಹೋದ್ರೆ ಯಾರು ಕಟ್ಟಿಕೊಡೋದು?' ಎಲ್ಲರೂ ಗ್ರಂಥಾಲಯದ ಮೇಲ್ವಿಚಾರಕಿಯ ಕಡೆ ನೋಡಿದರು. ಆ ಹೆಣ್ಣುಮಗಳು ರಿಜಿಸ್ಟರ್ ಕಡೆ ನೋಡಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅದು ಇಪ್ಪತ್ತು ವರ್ಷದ ಹಿಂದಿನ ನನ್ನದೇ ಮುಖ. 'ಮೊದಲ ಹತ್ತು ಪುಸ್ತಕ ನನ್ನ ಲೆಕ್ಕ, ಬರೆದುಕೋ ಅಮ್ಮ' ಅಂದೆ. ಅವಳು ನಕ್ಕಳು. ಆದರೆ ರಿಜಿಸ್ಟರ್‌ನ ಹಿಂದಿನ ಪುಟದಲ್ಲಿ ನಿಜವಾಗಿಯೂ ನನ್ನ ಹೆಸರು, ಫೋನ್ ನಂಬರು ಬರೆದುಕೊಂಡಳು. ಸಹಿಯನ್ನೂ ಹಾಕಿಸಿಕೊಂಡಳು.

ನಾನು ಬಸ್ಸಿಗೆ ಹೊರಡುವಷ್ಟರಲ್ಲಿ ಇಪ್ಪತ್ತಮೂರು ಪುಸ್ತಕ ಮನೆಗೆ ಹೋಗಿದ್ದವು. ಅದರಲ್ಲಿ ಒಂದು ಟ್ರ್ಯಾಕ್ಟರ್ ರಿಪೇರಿ ಪುಸ್ತಕ. ತಗೊಂಡವನು ನಾಲ್ಕನೇ ಕ್ಲಾಸು.